ಜಾನ್ ಮೇನಾರ್ಡ್ ಕೇನ್ಸ್: ಸೋತು ಕಲಿತ ಹೂಡಿಕೆದಾರ

ಅರ್ಥಶಾಸ್ತ್ರವೆಂದೊಡನೆ ನಮ್ಮಲ್ಲಿ ಅನೇಕರ ನೆನಪಿಗೆ ಬರುವ ಹೆಸರು ಜಾನ್ ಮೇನಾರ್ಡ್ ಕೇನ್ಸ್ ಅವರದು. ಪಠ್ಯಪುಸ್ತಕಗಳಲ್ಲಿ ನಾವು ಕಂಡ ಕೇನ್ಸ್ ಸರಕಾರಗಳಿಗೆ ಬುದ್ಧಿ ಹೇಳಿದ ಪಂಡಿತರು. ಅವರು ತಮ್ಮ ಹಣವನ್ನೂ ತಾವು ಓದಿದ ಕಾಲೇಜಿನ ಹಣವನ್ನೂ ಷೇರುಪೇಟೆಯಲ್ಲಿ ತೊಡಗಿಸಿ, ಹಲವು ಬಾರಿ ಮುಗ್ಗರಿಸಿ, ಮತ್ತೆ ಎದ್ದು ನಿಂತ ಹೂಡಿಕೆದಾರರೂ ಆಗಿದ್ದರೆಂಬುದು ಅಷ್ಟಾಗಿ ಪ್ರಚಾರ ಪಡೆದಿಲ್ಲ. ದುಡಿಮೆಯ ಉಳಿತಾಯವನ್ನು ಕಾಪಾಡಿಕೊಳ್ಳುವ ಚಿಂತೆಯುಳ್ಳ ಕುಟುಂಬಗಳಿಗೆ ಅವರ ಬದುಕಿನ ಈ ಮುಖದ ಪರಿಚಯ ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ಕೇನ್ಸ್ 1883ರ ಜೂನ್ 5ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜನಿಸಿದರು. ತಂದೆ ಅರ್ಥಶಾಸ್ತ್ರಜ್ಞರು; ತಾಯಿ ಮುಂದೆ ಅದೇ ನಗರದ ಮೇಯರ್ ಆದವರು. ಕಿಂಗ್ಸ್ ಕಾಲೇಜಿನಲ್ಲಿ ಗಣಿತ ಓದಿದ ಕೇನ್ಸ್ 1906ರಲ್ಲಿ ಲಂಡನ್ನಿನ ಇಂಡಿಯಾ ಆಫೀಸನ್ನು ಸೇರಿದರು. ಅಲ್ಲಿ ಅವರಿಗೆ ಒದಗಿದ ಮೊದಮೊದಲ ಕೆಲಸಗಳಲ್ಲೊಂದು, ಹತ್ತು ಎಳೆಯ ಹೋರಿಗಳನ್ನು ಹಡಗಿನಲ್ಲಿ ಮುಂಬಯಿಗೆ ಕಳುಹಿಸುವ ವ್ಯವಸ್ಥೆ! ಎರಡು ವರ್ಷಗಳಲ್ಲಿ ಆ ನೌಕರಿ ಬಿಟ್ಟರೂ ನಮ್ಮ ರೂಪಾಯಿಯ ಅಧ್ಯಯನವನ್ನು ಅವರು ಬಿಡಲಿಲ್ಲ. 1913ರಲ್ಲಿ ಪ್ರಕಟವಾದ ಅವರ ಮೊದಲ ಗ್ರಂಥ ಭಾರತದ ನಾಣ್ಯ ಹಾಗೂ ಹಣಕಾಸಿನ ವ್ಯವಸ್ಥೆಯನ್ನು ಕುರಿತದ್ದೇ ಆಗಿತ್ತು.

ಮೊದಲನೆಯ ಮಹಾಯುದ್ಧದ ನಂತರ, 1919ರಲ್ಲಿ, ಅವರು ವಿದೇಶಿ ನಾಣ್ಯಗಳ ಸಟ್ಟಾ ವ್ಯಾಪಾರಕ್ಕೆ ಇಳಿದರು. ಡಾಲರ್ ಹಾಗೂ ರೂಪಾಯಿ ಏರುತ್ತವೆ, ಜರ್ಮನಿಯ ಮಾರ್ಕ್ ಮತ್ತು ಫ್ರಾನ್ಸಿನ ಫ್ರಾಂಕ್ ಇಳಿಯುತ್ತವೆ ಎಂಬುದು ಅವರ ಲೆಕ್ಕ. ಮಾರ್ಕ್ ಕುರಿತ ಅವರ ಎಣಿಕೆ ಕೊನೆಗೆ ನಿಜವಾಯಿತು. 1923ರ ಹೊತ್ತಿಗೆ ಅದು ಕಾಗದದ ಬೆಲೆಯನ್ನೂ ಕಳೆದುಕೊಂಡಿತು. ಆದರೆ 1920ರ ಬೇಸಿಗೆಯ ಕೆಲವೇ ವಾರಗಳ ಏರಿಳಿತದಲ್ಲಿ, ಸಾಲದ ಬಲದ ಮೇಲೆ ನಿಂತಿದ್ದ ಕೇನ್ಸ್ ಅವರ ಬಂಡವಾಳವೆಲ್ಲ ಕರಗಿಹೋಯಿತು. ತಂದೆಯ ನೆರವು ಮತ್ತು ಶ್ರೀಮಂತರೊಬ್ಬರಿಂದ ದೊರೆತ 5,000 ಪೌಂಡ್ ಸಾಲ ಅವರನ್ನು ಉಳಿಸಿದವು. ಎಣಿಕೆ ಸರಿಯಿದ್ದರಷ್ಟೇ ಸಾಲದು, ಅದು ಫಲಿಸುವವರೆಗೆ ಕಾಯುವ ಶಕ್ತಿಯೂ ಬೇಕು. ಸಾಲದ ಹಣ ಆ ಶಕ್ತಿಯನ್ನು ಕಸಿದುಕೊಳ್ಳುತ್ತದೆ.

1924ರಲ್ಲಿ ಅವರು ಕಿಂಗ್ಸ್ ಕಾಲೇಜಿನ ಮುಖ್ಯ ಕೋಶಾಧಿಕಾರಿಯಾದರು. ಆ ಕಾಲದ ವಿದ್ಯಾಸಂಸ್ಥೆಗಳು ಭೂಮಿ ಮತ್ತು ಸಾಲಪತ್ರಗಳನ್ನಷ್ಟೇ ನಂಬಿದ್ದವು. ಕಾಲೇಜಿನ ನಿಧಿಯ ದೊಡ್ಡ ಭಾಗವನ್ನು ಕಂಪನಿಗಳ ಷೇರುಗಳಿಗೆ ತಿರುಗಿಸಿದ್ದು ಕೇನ್ಸ್ ಅವರ ಸ್ವತಂತ್ರ ಚಿಂತನೆಗೆ ಸಾಕ್ಷಿ. ಆದರೂ ದೇಶದ ಆರ್ಥಿಕ ಸ್ಥಿತಿಯ ಏರಿಳಿತವನ್ನು ಮೊದಲೇ ಊಹಿಸಿ ಕೊಂಡು ಮಾರುವ ಅವರ ಅಂದಿನ ಪದ್ಧತಿ ಕೈಕೊಟ್ಟಿತು. 1927ರ ಕೊನೆಗೆ ಸುಮಾರು 44,000 ಪೌಂಡ್ ಇದ್ದ ಅವರ ಸ್ವಂತ ಆಸ್ತಿ 1929ರ ಕೊನೆಗೆ 8,000ಕ್ಕಿಂತ ಕೆಳಗಿಳಿಯಿತು. ಜಗತ್ಪ್ರಸಿದ್ಧ ಅರ್ಥಶಾಸ್ತ್ರಜ್ಞರಿಗೇ ಪೇಟೆಯ ನಾಳೆ ಕಾಣಿಸಿರಲಿಲ್ಲ!

ಇಲ್ಲಿಯೇ ಅವರ ದೊಡ್ಡತನ ಪ್ರಕಟವಾಗುವುದು. ಕೀರ್ತಿಗೆ ಅಂಟಿಕೊಳ್ಳದೆ ಅವರು ತಮ್ಮ ಮಾರ್ಗವನ್ನೇ ಬದಲಿಸಿದರು. ಪೇಟೆಯ ಭವಿಷ್ಯ ನುಡಿಯುವುದನ್ನು ಬಿಟ್ಟು, ತಾವು ಚೆನ್ನಾಗಿ ಅರಿತ, ನಿಜ ಯೋಗ್ಯತೆಗಿಂತ ಕಡಿಮೆ ಬೆಲೆಗೆ ಸಿಗುವ ಕೆಲವೇ ಕಂಪನಿಗಳನ್ನು ಆರಿಸಿ ವರ್ಷಗಟ್ಟಲೆ ಹಿಡಿದಿಟ್ಟರು. ಆಸ್ಟಿನ್ ಮೋಟಾರು ಕಂಪನಿ ಅವುಗಳಲ್ಲೊಂದು. ಅದರೊಂದಿಗೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಷೇರುಗಳನ್ನೂ ಇಟ್ಟುಕೊಂಡರು. ಒಂದು ಇಳಿದಾಗ ಇನ್ನೊಂದು ಆಧಾರವಾಗಲಿ ಎಂಬುದು ಇದರ ಹಿಂದಿನ ವಿವೇಕ.

ಪರೀಕ್ಷೆ ಮತ್ತೆ ಬಂದಿತು. 1936ರಲ್ಲಿ 5 ಲಕ್ಷ ಪೌಂಡ್ ದಾಟಿದ್ದ ಅವರ ಆಸ್ತಿ 1938ರ ಕೊನೆಗೆ 2 ಲಕ್ಷಕ್ಕಿಂತ ಕಡಿಮೆಯಾಯಿತು. ಅದೇ ಸಮಯದಲ್ಲಿ ಹೃದ್ರೋಗವೂ ಅವರನ್ನು ಹಾಸಿಗೆ ಹಿಡಿಸಿತ್ತು. ಅವರು ಅಧ್ಯಕ್ಷರಾಗಿದ್ದ ವಿಮಾ ಸಂಸ್ಥೆಯಲ್ಲಿ ಟೀಕೆಗಳೆದ್ದು, ಆ ಸ್ಥಾನವನ್ನು 1938ರಲ್ಲಿ ತ್ಯಜಿಸಿದರು. ಆದರೆ ಗಾಬರಿಗೊಂಡು ಎಲ್ಲವನ್ನೂ ಮಾರಲಿಲ್ಲ. ಇಳಿಕೆಯಲ್ಲಿ ಮಾರುವುದು ಹೂಡಿಕೆದಾರನ ಕರ್ತವ್ಯವಲ್ಲವೆಂದು ಬರೆದು ತಿಳಿಸಿ, ತಮ್ಮ ಆಯ್ಕೆಯಲ್ಲಿ ನಂಬಿಕೆಯಿಟ್ಟರು.

1946ರ ಏಪ್ರಿಲ್ 21ರಂದು, ತಮ್ಮ 62ನೆಯ ವಯಸ್ಸಿನಲ್ಲಿ ಕೇನ್ಸ್ ನಿಧನರಾದಾಗ ಅವರ ಆಸ್ತಿ, ಕಲಾಕೃತಿ ಹಾಗೂ ಗ್ರಂಥಸಂಗ್ರಹವೂ ಸೇರಿ, ಸುಮಾರು 4.8 ಲಕ್ಷ ಪೌಂಡ್. ಅವರು ಸ್ವಂತ ವಿವೇಚನೆಯಿಂದ ನಿರ್ವಹಿಸಿದ ಕಾಲೇಜಿನ ನಿಧಿ 25 ವರ್ಷಗಳ ಕಾಲ ಬ್ರಿಟಿಷ್ ಷೇರುಪೇಟೆಯ ಸರಾಸರಿಯನ್ನು ಗಣನೀಯವಾಗಿ ಮೀರಿತ್ತೆಂದು ಸಂಶೋಧಕರು ಈ ಶತಮಾನದಲ್ಲಿ ಲೆಕ್ಕಹಾಕಿ ತೋರಿಸಿದ್ದಾರೆ. ಗಳಿಸಿದ ಸಂಪತ್ತಿನಿಂದ ಅವರು ಕೇಂಬ್ರಿಜ್‌ನಲ್ಲಿ ನಾಟಕಶಾಲೆಯೊಂದನ್ನು ಕಟ್ಟಿಸಿದರು. ಹರಾಜಿಗೆ ಬಂದಿದ್ದ ನ್ಯೂಟನ್ನರ ಹಸ್ತಪ್ರತಿಗಳನ್ನು ಕೊಂಡು ಕಾಲೇಜಿಗೆ ಬಿಟ್ಟುಹೋದರು.

ಕೇನ್ಸ್ ಅವರಂತೆ ಕೆಲವೇ ಷೇರುಗಳಲ್ಲಿ ಹಣ ತೊಡಗಿಸಲು ಅವರಷ್ಟೇ ಅಧ್ಯಯನ ಬೇಕು. ಅದು ಎಲ್ಲರಿಗೂ ಸಾಧ್ಯವಲ್ಲ. ಆದರೆ ಸಾಲ ಮಾಡಿ ಸಟ್ಟಾ ಆಡದಿರುವುದು, ಅರಿಯದ್ದನ್ನು ಕೊಳ್ಳದಿರುವುದು, ಸೋತ ಮಾರ್ಗವನ್ನು ಹಟದಿಂದ ಹಿಡಿಯದಿರುವುದು, ಇವು ನಮ್ಮೆಲ್ಲರ ಕೈಲಾಗುವ ಪಾಠಗಳು. ಮಕ್ಕಳ ವಿದ್ಯೆಗೂ ಇಳಿವಯಸ್ಸಿನ ನೆಮ್ಮದಿಗೂ ಕೂಡಿಟ್ಟ ಹಣಕ್ಕೆ ಅಷ್ಟು ಎಚ್ಚರ ಸಲ್ಲಬೇಕಾದದ್ದೇ.