5ಜಿ ಕಂಡುಹಿಡಿದದ್ದು ಜಗದೀಶಚಂದ್ರ ಬೋಸರೇ? ನಿಜ ಎಷ್ಟು, ಉತ್ಪ್ರೇಕ್ಷೆ ಎಷ್ಟು?

ಬಿಎಸ್‌ಎನ್‌ಎಲ್ 5ಜಿ ಬಂದರೆ ಇಡೀ ಸಿನಿಮಾ ಕ್ಷಣದಲ್ಲಿ ಡೌನ್‌ಲೋಡ್ ಆಗುತ್ತದೆ ಎಂಬ ನಿರೀಕ್ಷೆ ಬಸವಕಲ್ಯಾಣ, ಹುಮನಾಬಾದ್‌ನಂಥ ಊರುಗಳಲ್ಲೂ ಇದೆ. ಅದರ ಜೊತೆಗೇ ವಾಟ್ಸಾಪ್‌ನಲ್ಲಿ ಇನ್ನೊಂದು ಮಾತು ಓಡಾಡುತ್ತದೆ: 5ಜಿಯನ್ನು ನೂರಾರು ವರ್ಷಗಳ ಹಿಂದೆಯೇ ಒಬ್ಬ ಭಾರತೀಯ ಕಂಡುಹಿಡಿದಿದ್ದ ಎಂದು. ಎರಡರಲ್ಲಿ ಎಷ್ಟು ನಿಜ ಎಂದು ತಿಳಿಯಲು ಜಗದೀಶಚಂದ್ರ ಬೋಸರ ಬದುಕನ್ನು ನೋಡಿದರೆ ಸಾಕು.

ಯಾರು ಈ ಬೋಸ್?

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಅಂದಿನ ಬಂಗಾಳದಲ್ಲಿ. ತಂದೆ ಸರ್ಕಾರಿ ಅಧಿಕಾರಿಯಾಗಿದ್ದರೂ ಮಗನನ್ನು ಮೊದಲು ಸೇರಿಸಿದ್ದು ಬಂಗಾಳಿ ಶಾಲೆಗೆ. ಅಲ್ಲಿ ಮೀನುಗಾರರ ಮಕ್ಕಳೂ ಸಹಪಾಠಿಗಳು. ಮುಂದೆ ವೈದ್ಯಕೀಯ ಓದಲು ಲಂಡನ್‌ಗೆ ಹೋದರು. ಆರೋಗ್ಯ ಕೈಕೊಟ್ಟಿದ್ದರಿಂದ ಅದನ್ನು ಬಿಟ್ಟು ಕೇಂಬ್ರಿಡ್ಜ್‌ನಲ್ಲಿ ವಿಜ್ಞಾನ ಕಲಿತರು.

1885ರಲ್ಲಿ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಆದರೆ ಭಾರತೀಯರಿಗೆ ಯುರೋಪಿಯನ್ನರಿಗಿಂತ ಕಡಿಮೆ ಸಂಬಳ. ಬೋಸ್ ಪಾಠ ನಿಲ್ಲಿಸಲಿಲ್ಲ, ಸಂಬಳ ಮಾತ್ರ ಮುಟ್ಟಲಿಲ್ಲ. ಮೂರು ವರ್ಷಗಳ ನಂತರ ಸರ್ಕಾರವೇ ಮಣಿದು, ಬಾಕಿ ಸಮೇತ ಪೂರ್ತಿ ಸಂಬಳ ಕೊಟ್ಟಿತು.

ಪುಟ್ಟ ಕೋಣೆ, ಪುಟ್ಟ ತರಂಗ

ಒಳ್ಳೆಯ ಪ್ರಯೋಗಾಲಯ ಇರಲಿಲ್ಲ. ಪುಟ್ಟ ಕೋಣೆಯೊಂದರಲ್ಲಿ, ತಗಡಿನ ಕೆಲಸಗಾರನ ನೆರವಿನಿಂದ ಉಪಕರಣ ಮಾಡಿಕೊಂಡರು. ರೈಲ್ವೆ ವೇಳಾಪಟ್ಟಿಯ ಪುಸ್ತಕದ ಹಾಳೆಗಳ ನಡುವೆ ತವರದ ಹಾಳೆ ಸೇರಿಸಿ, ಅದನ್ನೂ ಒಂದು ಉಪಕರಣವಾಗಿಸಿದರು!

ರೇಡಿಯೋ ತರಂಗವೂ ಬೆಳಕಿನಂತೆಯೇ ವರ್ತಿಸುತ್ತದೆಯೇ ಎಂದು ಪರೀಕ್ಷಿಸುವುದು ಅವರ ಉದ್ದೇಶ. ತರಂಗ ಚಿಕ್ಕದಾದಷ್ಟೂ ಉಪಕರಣ ಮೇಜಿನ ಮೇಲೆ ಹಿಡಿಸುತ್ತದೆ. ಹಾಗಾಗಿ ಅವರು ಸುಮಾರು 5 ಮಿಲಿಮೀಟರ್ ಉದ್ದದ, ಅಂದರೆ 60 ಗಿಗಾಹರ್ಟ್ಸ್‌ನ ತರಂಗ ಹುಟ್ಟಿಸಿದರು. 1895ರಲ್ಲಿ ಕಲ್ಕತ್ತಾ ಟೌನ್‌ಹಾಲ್‌ನಲ್ಲಿ ತಂತಿಯೇ ಇಲ್ಲದೆ ದೂರದ ಗಂಟೆ ಬಾರಿಸಿ, ಮದ್ದಿನ ಪುಡಿ ಸಿಡಿಸಿ ತೋರಿಸಿದರು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲೂ ಉಪನ್ಯಾಸ ಕೊಟ್ಟರು.

ಇದರಿಂದ ಹಣ ಮಾಡುವ ಆಸೆ ಅವರಿಗಿರಲಿಲ್ಲ. ಸ್ನೇಹಿತರ ಒತ್ತಾಯಕ್ಕೆ ತರಂಗ ಪತ್ತೆಹಚ್ಚುವ ಹರಳಿನ ಸಾಧನಕ್ಕೆ ಅರ್ಜಿ ಹಾಕಿದರು. 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು, ಆದರೂ ಅದರಿಂದ ಲಾಭ ಮಾಡಿಕೊಳ್ಳಲಿಲ್ಲ. ಆಮೇಲೆ ಗಿಡಗಳ ಅಧ್ಯಯನಕ್ಕೆ ತಿರುಗಿದರು. 1917ರಲ್ಲಿ ಕಲ್ಕತ್ತಾದಲ್ಲಿ ಬೋಸ್ ಸಂಸ್ಥೆ ಕಟ್ಟಿದರು. 1937ರ ನವೆಂಬರ್ 23ರಂದು ತೀರಿಕೊಂಡರು.

ಹಾಗಾದರೆ 5ಜಿ ಅವರದ್ದೇ?

ಅಲ್ಲ. ಮಿಲಿಮೀಟರ್ ತರಂಗಗಳ ಅಧ್ಯಯನದಲ್ಲಿ ಬೋಸ್ ಮೊದಲಿಗರಲ್ಲಿ ಒಬ್ಬರು, ಇದು ನಿಜ. ಆದರೆ ಮಾತು, ವಿಡಿಯೊಗಳನ್ನು ಅಂಕಿಗಳಾಗಿಸಿ ಸಾವಿರಾರು ಫೋನ್‌ಗಳಿಗೆ ಹಂಚುವ 5ಜಿ ವ್ಯವಸ್ಥೆ ಅನೇಕ ದೇಶಗಳ ಎಂಜಿನಿಯರುಗಳ ದುಡಿಮೆ. ಅದೂ ಬೋಸ್ ತೀರಿಕೊಂಡು ಎಷ್ಟೋ ದಶಕಗಳ ನಂತರದ್ದು.

ನಮ್ಮೂರಿಗೆ ಏನು ನಿರೀಕ್ಷಿಸಬಹುದು?

ಚಿಕ್ಕ ತರಂಗಗಳ ಪಟ್ಟಿಯಲ್ಲಿ ಜಾಗ ಹೆಚ್ಚು, ಆದ್ದರಿಂದ ವೇಗವೂ ಹೆಚ್ಚು. ಆದರೆ ಅವು ದೂರ ಹೋಗಲಾರವು, ಗೋಡೆ, ಮರ ಅಡ್ಡ ಬಂದರೆ ಸೊರಗುತ್ತವೆ. ಬೋಸ್ ಬಳಸಿದ 60 ಗಿಗಾಹರ್ಟ್ಸ್ ತರಂಗವನ್ನಂತೂ ಗಾಳಿಯ ಆಮ್ಲಜನಕವೇ ಹೀರಿಕೊಳ್ಳುತ್ತದೆ.

2023ರಲ್ಲಿ ಕೇಂದ್ರ ಸಚಿವ ಸಂಪುಟ ಬಿಎಸ್‌ಎನ್‌ಎಲ್‌ಗೆ 4ಜಿ, 5ಜಿಗಾಗಿ ಕೊಡಲು ಒಪ್ಪಿದ ತರಂಗಗಳಲ್ಲಿ ಈ ಮೂರನ್ನು ಗಮನಿಸಿ:

• 700 ಮೆಗಾಹರ್ಟ್ಸ್: ದೂರ ಹೋಗುತ್ತದೆ, ಮನೆಯೊಳಗೂ ಬರುತ್ತದೆ. ವೇಗ ಸಾಧಾರಣ.
• 3300 ಮೆಗಾಹರ್ಟ್ಸ್: ವೇಗ ಚೆನ್ನಾಗಿದೆ. ಟವರ್ ಹತ್ತಿರ ಇರಬೇಕು.
• 26 ಗಿಗಾಹರ್ಟ್ಸ್: ಮೂರರಲ್ಲಿ ಹೆಚ್ಚು ವೇಗ, ಕಡಿಮೆ ದೂರ.

ಅಂದರೆ ಹುಮನಾಬಾದ್ ಪೇಟೆಯಲ್ಲಿ ಸಿಗುವ ವೇಗವೇ ಬಸವಕಲ್ಯಾಣ ತಾಲ್ಲೂಕಿನ ತೊಗರಿ ಹೊಲದಲ್ಲೂ ಸಿಗುತ್ತದೆ ಎನ್ನಲಾಗದು. ಎಲ್ಲ ಹಳ್ಳಿಗಳಿಗೂ 26 ಗಿಗಾಹರ್ಟ್ಸ್ ತಲುಪಿಸಲು ಟವರುಗಳು ಲೆಕ್ಕವಿಲ್ಲದಷ್ಟು ಬೇಕು. ಟವರಿಗೆ ಫೈಬರ್ ಕೇಬಲ್ ಬಾರದಿದ್ದರೆ ಯಾವ ತರಂಗದಿಂದಲೂ ಪೂರ್ತಿ ಪ್ರಯೋಜನವಿಲ್ಲ.

ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿ ಜಾಲಕ್ಕೆ ಚಾಲನೆ ಕೊಟ್ಟದ್ದು 2025ರ ಸೆಪ್ಟೆಂಬರ್ 27ರಂದು. ಅದನ್ನು 5ಜಿಗೆ ಏರಿಸುವಂತೆ ರೂಪಿಸಲಾಗಿದೆ. 5ಜಿ ಬಂದಾಗ ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಎರಡೇ: ನಮ್ಮೂರ ಟವರಿನಲ್ಲಿ ಯಾವ ತರಂಗ ಇದೆ? ಅದಕ್ಕೆ ಫೈಬರ್ ಬಂದಿದೆಯೇ?

ಬೋಸರ ಬಗ್ಗೆ ಫಾರ್ವರ್ಡ್ ಮಾಡುವುದಿದ್ದರೆ, ಸಂಬಳ ಮುಟ್ಟದ ಆ ಮೂರು ವರ್ಷಗಳ ಕತೆಯನ್ನು ಕಳಿಸಿ. ಅದರಲ್ಲಿ ಉತ್ಪ್ರೇಕ್ಷೆ ಇಲ್ಲ.