ಬೆಣ್ಣೆ ಚಾವಡಿಯ ದೊರೆ

ಮೈಸೂರಿನ ಚಿಕ್ಕದೇವರಾಜ ಒಡೆಯರು ಹುಟ್ಟಿದ್ದು 1645ರಲ್ಲಿ, ಪಟ್ಟಕ್ಕೆ ಬಂದಿದ್ದು 1673ರಲ್ಲಿ. ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದ ಅವರು, ಅರಮನೆ ದನಗಳಿಗೂ ಬೆಣ್ಣೆ ಚಾವಡಿ ಅಂತ ಒಂದು ಇಲಾಖೆ ಇಟ್ಟರು. ಮೇಯೋಕೆ ಕಾವಲುಗಳು ಮೀಸಲಾಗಿದ್ದವು. 1704ರಲ್ಲಿ ಒಡೆಯರು ತೀರಿಕೊಂಡರು. ಆಮೇಲೆ ಹೈದರಾಲಿ ಫಿರಂಗಿ ಎಳೆಸಿದ್ದು ಇದೇ ದನಗಳಿಂದ. ಟಿಪ್ಪು ಕಾಲದಲ್ಲಿ ಹೆಸರು ಅಮೃತ್ ಮಹಲ್ ಆಯಿತು.

ಈಗ ತೊಟ್ಟು ರಕ್ತದ ಡಿಎನ್‌ಎ ನೋಡಿ ತಳಿ ಶುದ್ಧವೋ ಬೆರಕೆಯೋ ಅಂತ ಲ್ಯಾಬಿನಲ್ಲಿ ತಿಳೀತಾರೆ, ಒಳ್ಳೆ ಹೋರಿ ಆರಿಸ್ತಾರೆ. ಆದರೆ ಆರಿಸೋಕೆ ಹಿಂಡು ಬೇಕಲ್ಲ? ಕಾವಲುಗಳು ಒತ್ತುವರಿಯಾಗಿ ಅಮೃತ್ ಮಹಲ್ ದನ ಕಮ್ಮಿಯಾಗಿವೆ. ಬ್ನೇದ್ ಅಲ್ ಗಾರ್‌ನಲ್ಲಿ ದುಡಿದು ಊರಿಗೆ ದುಡ್ಡು ಕಳಿಸೋ ನಾವು, ಕೊಟ್ಟಿಗೆಯಲ್ಲಿ ಒಂದು ಜೊತೆ ನಾಟಿ ದನ ಉಳಿಸೋಕೆ ಮನೆಯವರಿಗೆ ಹೇಳೋಣ.