ನಾಲ್ವಡಿ ಕೃಷ್ಣರಾಜ ಒಡೆಯರೂ ಬ್ಯಾಂಡು ವಾದ್ಯವೂ

ಹಿರಿಯೂರು ಸೀಮೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿರುವ ಮಾರಿಕಣಿವೆಯ ಜಲಾಶಯಕ್ಕೆ ವಾಣೀವಿಲಾಸ ಸಾಗರವೆಂಬ ಹೆಸರು ಯಾರಿಂದ ಬಂದಿತೆಂಬುದು ನಮ್ಮ ವಾಚಕರಿಗೆ ವಿದಿತವೇ ಇದೆ. ಆ ಮಹಾಮಾತೆಯ ಪುತ್ರರೇ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು. ಅವರ ಕಾಲದ ಕಟ್ಟೆ, ಕಾರ್ಖಾನೆ, ವಿಶ್ವವಿದ್ಯಾನಿಲಯಗಳನ್ನು ಲೋಕವು ಬೇಕಾದಷ್ಟು ಕೊಂಡಾಡಿದೆ. ವಾದ್ಯಸಂಗೀತಕ್ಕೆ ಅವರು ಮಾಡಿದ ಉಪಕಾರವನ್ನು ಕುರಿತು ಇಲ್ಲಿ ಎರಡು ಮಾತು ಬರೆಯಲು ಇಚ್ಛಿಸುತ್ತೇವೆ.

ಮಹಾರಾಜರು ಜನಿಸಿದುದು 1884ನೆಯ ಇಸವಿ ಜೂನ್ 4ರಂದು. 1894ರ ಡಿಸೆಂಬರಿನಲ್ಲಿ ತಂದೆ ಚಾಮರಾಜೇಂದ್ರ ಒಡೆಯರವರು ಕಲ್ಕತ್ತೆಯಲ್ಲಿ ಸ್ವರ್ಗಸ್ಥರಾಗಲು, ಮರುವರ್ಷ ಹತ್ತು ವಯಸ್ಸಿನ ಈ ಬಾಲಕರಿಗೆ ಪಟ್ಟವಾಯಿತು. 1902ರವರೆಗೆ ಮಾತೃಶ್ರೀಯವರೇ ರಾಜ್ಯಭಾರದ ಹೊಣೆ ಹೊತ್ತರು. ವೀಣೆ, ಪಿಟೀಲು ಮುಂತಾದ ನಮ್ಮ ವಾದ್ಯಗಳೊಡನೆ ಪಿಯಾನೋ, ಸ್ಯಾಕ್ಸಫೋನುಗಳನ್ನೂ ಮಹಾರಾಜರು ಅಭ್ಯಾಸಮಾಡಿದ್ದರು. ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳನ್ನು ರಚಿಸಿದುದು ಅವರ ಪ್ರೇರಣೆಯಿಂದಲೇ.

ಬ್ಯಾಂಡು ಎಂಬುದು ಪರದೇಶದ ದಂಡಿನೊಡನೆ ನಮ್ಮಲ್ಲಿಗೆ ಬಂದ ವಾದ್ಯಸಮೂಹ. ಸಲಾಮು ಸಲ್ಲಿಸುವುದು, ಸಿಪಾಯಿಗಳ ಹೆಜ್ಜೆಗೆ ತಾಳ ಕೊಡುವುದು, ಇಷ್ಟೇ ಅದರ ಕೆಲಸವೆಂದು ಜನರು ತಿಳಿದಿದ್ದರು. ಮಹಾರಾಜರು ಅದನ್ನು ತಿರಸ್ಕರಿಸಲಿಲ್ಲ, ಕೇವಲ ಆಡಂಬರಕ್ಕೂ ಬಿಡಲಿಲ್ಲ. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡು, ಕರ್ಣಾಟಕ ಬ್ಯಾಂಡು ಎರಡನ್ನೂ ಪೋಷಿಸಿದರು. ಜರ್ಮನಿಯ ಆಟೊ ಷ್ಮಿತ್ ಎಂಬವರನ್ನು ವಾದ್ಯವೃಂದದ ನಿರ್ದೇಶಕರನ್ನಾಗಿ ನೇಮಿಸಿದರು.

ಆದರೆ ಇಲ್ಲೊಂದು ತೊಡಕುಂಟು. ನಮ್ಮ ಕೃತಿಗಳು ಕಂಠಕ್ಕಾಗಿ ಹುಟ್ಟಿದವು. ಕಾರ್ನೆಟ್ಟಿಗೆ ಒಗ್ಗಿಸಿದೊಡನೆ ಸಾಹಿತ್ಯವು ಬಿದ್ದುಹೋಗುತ್ತದೆ. ಗುಂಡಿ ಒತ್ತಿ ನುಡಿಸುವ ವಾದ್ಯದಲ್ಲಿ ಗಮಕವೂ ಸುಲಭವಾಗಿ ಒಲಿಯದು. ಎರವಲು ತಂದುದು ಎಷ್ಟಾದರೂ ಎರವಲೇ. ಆದುದರಿಂದ ವಾದ್ಯಕ್ಕೆ ವಾದ್ಯದ್ದೇ ಆದ ರಚನೆ ಬೇಕು. ಮಹಾರಾಜರ ಅಪೇಕ್ಷೆಯಂತೆ ವೀಣೆ ಶೇಷಣ್ಣನವರ ಶಿಷ್ಯರಾದ ವೆಂಕಟಗಿರಿಯಪ್ಪನವರು (1887–1952) ನಗ್ಮಾ ಎಂಬ ಹೊಸ ಬಗೆಯ ವಾದ್ಯರಚನೆಗಳನ್ನು ನಿರ್ಮಿಸಿದುದು ಈ ಕೊರತೆಯನ್ನು ತುಂಬುವ ದಾರಿಯಲ್ಲಿ ಇಟ್ಟ ಹೆಜ್ಜೆಯೆಂದು ನಾವು ಭಾವಿಸುತ್ತೇವೆ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿಯೂ ಇಂಥದೇ ಕೊರತೆಯಿತ್ತು. ಅಲ್ಲಿನ ದಂಡಿನ ಬ್ಯಾಂಡುಗಳು ನಡೆಹಾಡುಗಳನ್ನೂ ನಾಟಕಸಂಗೀತದ ಎರವಲನ್ನೂ ನುಡಿಸಿ ತೃಪ್ತವಾಗಿದ್ದುವು. ಸಂಸ್ಕೃತವನ್ನು ಕಲಿತು ಋಗ್ವೇದದ ಸೂಕ್ತಗಳಿಗೆ ಸಂಗೀತ ಕಟ್ಟಿದ ಗುಸ್ತಾವ್ ಹೋಲ್ಸ್ಟ್ ಎಂಬವರು 1909ರಲ್ಲಿ ಬ್ಯಾಂಡಿಗೆಂದೇ ಮೂರು ಭಾಗಗಳ ಒಂದು ಸ್ವತಂತ್ರ ಕೃತಿಯನ್ನು ರಚಿಸಿದರು, 1911ರಲ್ಲಿ ತಮ್ಮ ದೇಶದ ಹಳ್ಳಿಹಾಡುಗಳನ್ನು ಆಧರಿಸಿ ಮತ್ತೊಂದನ್ನು ರಚಿಸಿದರು. ಅಂದಿನಿಂದ ಬ್ಯಾಂಡು ಪಂಡಿತರ ಗೌರವಕ್ಕೆ ಪಾತ್ರವಾಗತೊಡಗಿತು.

ಮಹಾರಾಜರ ಆಳ್ವಿಕೆಯಲ್ಲಿ ಎಲ್ಲವೂ ಶ್ರುತಿಬದ್ಧವಾಗಿತ್ತೆಂದು ನಾವು ಹೇಳಲಾರೆವು. 1938ರ ವಿದುರಾಶ್ವತ್ಥದ ಗೋಲಿಬಾರನ್ನೂ, 1939ರಲ್ಲಿ ನಮ್ಮ ತುರುವನೂರಿನ ಜನರು ಸತ್ಯಾಗ್ರಹಕ್ಕಾಗಿ ಅನುಭವಿಸಿದ ಕಷ್ಟವನ್ನೂ ಈ ಜಿಲ್ಲೆಯವರು ಮರೆಯತಕ್ಕದ್ದಲ್ಲ. ಜವಾಬ್ದಾರಿ ಸರ್ಕಾರವನ್ನು ಕಾಣದೆಯೇ 1940ರ ಆಗಸ್ಟ್ 3ರಂದು ಅವರು ಕಾಲವಾದರು. ಪ್ರಜೆಗಳ ಕಂಠಕ್ಕೆ ಅವರ ಸರ್ಕಾರವು ಕೊಡದ ಅವಕಾಶವನ್ನು ಅವರು ವಾದ್ಯಗಳಿಗೆ ಕೊಟ್ಟರೆಂಬುದು ವಿಷಾದದಿಂದಲೇ ಹೇಳಬೇಕಾದ ಮಾತು. ಆದರೂ ಕೊಟ್ಟುದನ್ನು ಕೊಟ್ಟರೆನ್ನುವುದು ನ್ಯಾಯ.

ಅರಮನೆಯ ಬ್ಯಾಂಡಿನ ಪರಂಪರೆಯನ್ನು ಈಗ ಪೊಲೀಸ್ ಇಲಾಖೆಯ ವಾದ್ಯವೃಂದವು ನಡೆಸಿಕೊಂಡು ಬರುತ್ತಿದೆ. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಗಳ ಮದುವೆ ಮೆರವಣಿಗೆಗಳಲ್ಲಿಯೂ ಬ್ಯಾಂಡು ಮೊಳಗುತ್ತದೆ. ನುಡಿಸುವುದು ಬಹುಮಟ್ಟಿಗೆ ಚಲಚ್ಚಿತ್ರದ ಹಾಡು. ದೋಷವು ಆ ಬಡ ವಾದ್ಯಗಾರರದಲ್ಲ. ಅವರಿಗಾಗಿ ಬರೆದುಕೊಟ್ಟವರು ಯಾರು? ಕೋಲಾಟದ ಪದಗಳ ಧಾಟಿ, ಜಾತ್ರೆಯ ಉರುಮೆಯ ಗತಿ ನಮ್ಮ ಸೀಮೆಯಲ್ಲಿ ಹೇರಳವಾಗಿವೆ. ನಮ್ಮ ವಿದ್ವಾಂಸರು ಅವುಗಳಿಂದ ಬ್ಯಾಂಡಿಗೆ ಹೊಸ ರಚನೆಗಳನ್ನು ಕಟ್ಟಿಕೊಡಲಿ. ಪುರಸಭೆಗಳೂ ಅಧಿಕಾರಿಗಳೂ ನಾಡಹಬ್ಬದಲ್ಲಿ ಅವುಗಳನ್ನು ನುಡಿಸಿ, ರಚಿಸಿದವರಿಗೂ ನುಡಿಸಿದವರಿಗೂ ತಕ್ಕ ಸಂಭಾವನೆಯನ್ನು ಸಲ್ಲಿಸಲಿ.